ಕುರ್ಚಿಯ ಮೇಲೊಂದು ಕಾಯಿ

ತಿಪಟೂರು ತಾಲ್ಲೂಕಿನಲ್ಲಿ ಹುಟ್ಟಿ, ಇಲ್ಲೇ ಬೆಳೆದು, ಸ್ವಂತ ತೆಂಗಿನ ತೋಟವನ್ನೂ ಇಟ್ಟುಕೊಂಡು, ಆಸ್ಪತ್ರೆಯಿಂದ ಮನೆಗೆ ತೆಂಗಿನಕಾಯಿ ಹೊತ್ತು ತರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ಅದೂ ಸುಲಿದ ಕಾಯಲ್ಲ, ಸಿಪ್ಪೆ ಸಮೇತ ಇಡೀ ಕಾಯಿ! ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಮಗುವನ್ನು ಕೂರಿಸಿಕೊಂಡವರ ಹಾಗೆ, ಹಳ್ಳ ಬಂದಲ್ಲಿ ಕಾಲು ಊರಿ ಊರಿ ಬರುತ್ತಾರೆ. ಸಮುದ್ರದ ದಂಡೆಯವನು ಸಂತೆಯಿಂದ ಉಪ್ಪು ನೀರು ಕೊಂಡು ತಂದ ಹಾಗಲ್ಲವೇ ಇದು? ಯಾರಾದರೂ ಅಲ್ಲ ಅನ್ನಿ, ನಾನು ವಾದಕ್ಕೆ ಸಿದ್ಧ.

ಸಿದ್ಧ ಅಂದೆನೇ? ಅಭ್ಯಾಸಬಲ. ಈಚೆಗೆ ನಾನು ಯಾವುದಕ್ಕೂ ಸಿದ್ಧಳಲ್ಲ. ಬೆಳಗ್ಗೆ ಎದ್ದರೆ ಸುಸ್ತು, ಮಲಗಿದರೆ ಮಲಗಿದ್ದಕ್ಕೇ ಸುಸ್ತು. ನರ್ಸಿಂಗ್ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ, ಗೆದ್ದ ಸ್ಟೀಲ್ ತಟ್ಟೆಗಳಿಂದ ಅಮ್ಮನ ಅಡುಗೆಮನೆ ತುಂಬಿಸಿದವಳು ನಾನು. ಆಗ ಸೋತು ಸುಸ್ತಾದವರು ಎದುರಾಳಿಗಳು. ಈಗ ಮಾವನ ಜೊತೆ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿ, ಗೆದ್ದರೂ ನಾನೇ ಸುಸ್ತು.

ಗಂಡು ನರ್ಸ್‌ಗಳನ್ನು ಆಸ್ಪತ್ರೆಯಲ್ಲಿ ಬ್ರದರ್ ಅನ್ನುತ್ತಾರೆ, ನಿಮಗೆ ಗೊತ್ತಿರಬಹುದು. ಮಾವನಿಗೆ ಆ ಹೆಸರು ಎಷ್ಟು ಅಂಟಿದೆ ಅಂದರೆ, ಹಾಲಿನವನಿಗೂ ಅವರು ಬ್ರದರ್, ಬಸ್ ಕಂಡಕ್ಟರಿಗೂ ಬ್ರದರ್. ಒಮ್ಮೆ ನಮ್ಮ ಅತ್ತೆ ವಾರ್ಡಿಗೆ ಫೋನು ಮಾಡಿ, "ಬ್ರದರ್ ಇದಾರಾ?" ಅಂದುಬಿಟ್ಟರು. "ಯಾರಮ್ಮ ಮಾತಾಡ್ತಿರೋದು?" ಅಂತ ಕೇಳಿದ್ದಕ್ಕೆ, "ಅವರ ಹೆಂಡ್ತಿ ಕಣ್ರೀ" ಅಂದರಂತೆ!

ನಮ್ಮದು ಕ್ಯಾನ್ಸರ್ ರೋಗಿಗಳಿಗೆ ಕೀಮೋ ಹಾಕುವ ವಾರ್ಡು. ಗುರುವಾರ ಗುರುವಾರ ತುಮಕೂರಿನಿಂದ ತಜ್ಞರು ಬರುತ್ತಾರೆ. ಹುಳಿಯಾರು, ಹೊನ್ನವಳ್ಳಿ, ತುರುವೇಕೆರೆ ಕಡೆಯ ರೋಗಿಗಳು ಮೊದಲ ಬಸ್ಸಿಗೇ ಬಂದು, ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಬಾಟಲಿಯಲ್ಲಿರುವ ಔಷಧವನ್ನು ಸಿರಿಂಜಿನಲ್ಲಿ ಎಳೆದು ಡ್ರಿಪ್ಪಿನ ಚೀಲಕ್ಕೆ ಬೆರೆಸುವುದು ನರ್ಸ್‌ಗಳ ಕೆಲಸ, ಪಾಳಿಯ ಮೇಲೆ. ಕೇಳಿದರೆ ಶರಬತ್ತು ಮಾಡಿದಷ್ಟು ಸುಲಭ ಅನ್ನಿಸುತ್ತದೆ. ಆದರೆ ಎಳೆಯುವಾಗ ಕಣ್ಣಿಗೆ ಕಾಣದ ಹನಿ ಹಾರುತ್ತದೆ, ಮೇಜಿಗೆ ಕೂರುತ್ತದೆ, ಕೈಗೆ ಅಂಟುತ್ತದೆ, ಉಸಿರಿನ ಜೊತೆ ಒಳಗೂ ಹೋಗುತ್ತದೆ.

ಹೊಸದಾಗಿ ಸೇರಿದವರಿಗೆಲ್ಲ ಮಾವ ಇದನ್ನು ತೋಟದ ಭಾಷೆಯಲ್ಲಿ ಹೇಳುತ್ತಾರೆ: "ಇದು ಕಳೆಗೆ ಹೊಡೆಯೋ ಔಷಧಿ ಕಣ್ರಮ್ಮ. ರೋಗಿ ಮೈಯಲ್ಲಿ ಕಳೆ ಐತೆ, ಹೊಡೀತೀವಿ. ನಮ್ಮ ಮೈಯಲ್ಲಿ ಕಳೆ ಎಲ್ಲೈತೆ? ನಮ್ಮ ಮೇಲೆ ಬಿದ್ರೆ ಅದು ಬೆಳೆನೇ ತಿನ್ನೋದು!"

ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರದೂ ತಕರಾರಿರಲಿಲ್ಲ. ನಿಲ್ಲಿಸುವ ಜಾತಿಯಲ್ಲ ನಮ್ಮ ಮಾವ. ಔಷಧ ಚೆಲ್ಲಿದರೆ ಒರೆಸುವುದಕ್ಕೆ ವಾರ್ಡಿನಲ್ಲಿ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಕೈಗವಸು, ಕನ್ನಡಕ, ನಿಲುವಂಗಿ, ದಪ್ಪನೆಯ ಹೀರುವ ಬಟ್ಟೆ. ಅಂಥದ್ದೇ ಇನ್ನೊಂದು ಡಬ್ಬಿ ಮಾವನ ಸ್ಕೂಟರಿನಲ್ಲೂ ಇದೆ. ಯಾಕೆ ಅಂತ ಕೇಳಬೇಡಿ. ತುರುವೇಕೆರೆಯಲ್ಲಿ ನಮ್ಮ ನೆಂಟರ ಮದುವೆ ಊಟ. ಬಡಿಸುವವನ ಕೈಜಾರಿ ಸಾರಿನ ಬಕೆಟ್ಟು ಪಂಕ್ತಿಯ ನಡುವೆ ಉರುಳಿತು. ಮಾವ ಎಲೆ ಮುಂದಿನಿಂದ ಎದ್ದು ನಿಂತು ಕೂಗಿದರು: "ಯಾರೂ ಅಲ್ಲಾಡಬೇಡಿ! ಫ್ಯಾನ್ ಆಫ್ ಮಾಡಿ!"

ಯಾರೋ ಎಡಗೈಯಲ್ಲೇ ಫ್ಯಾನ್ ಆರಿಸಿದರು. ಮಾವ ಹೊರಗೆ ಓಡಿದವರು ನಿಲುವಂಗಿ, ಕನ್ನಡಕ, ಎರಡೆರಡು ಕೈಗವಸು ಹಾಕಿಕೊಂಡು ಒಳಗೆ ಬಂದು, ಮಂಡಿಯೂರಿ, ಸಾರನ್ನು ಅಂಚಿನಿಂದ ನಡುವಿಗೆ, ಅಂಚಿನಿಂದ ನಡುವಿಗೆ ಒರೆಸಿ, ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಮುಂದಿನ ಪಂಕ್ತಿಯಲ್ಲಿ ಒಬ್ಬರೂ ಸಾರು ಹಾಕಿಸಿಕೊಳ್ಳಲಿಲ್ಲ! ಅಡುಗೆಯವರು ಸೌಟು ಹಿಡಿದುಕೊಂಡೇ ಬಂದರು.

"ಏನ್ ಸ್ವಾಮಿ, ನನ್ ಸಾರು ವಿಷ ಅಂತಾನಾ?"

"ಛೆ ಛೆ, ಬಲು ರುಚಿಯಾಗೈತೆ. ಕೈಗೆ ಅಭ್ಯಾಸ ತಪ್ಪಬಾರದು ಅಂತ ಅಷ್ಟೇ."

ಮನೆಯಲ್ಲಂತೂ ಅವರದು ಬೇರೆಯೇ ದರಬಾರು. ಡ್ಯೂಟಿಯಿಂದ ಬಂದವರು ಸ್ನಾನ ಆಗುವವರೆಗೆ ಯಾರನ್ನೂ ಮುಟ್ಟುವುದಿಲ್ಲ. ಅವರ ಬಟ್ಟೆ ಬೇರೆ ಬಕೆಟ್ಟು, ಬೇರೆ ಹಗ್ಗ. ಅಂಗಳದಲ್ಲಿ ಎರಡು ಹಗ್ಗ ನೋಡಿ ನೋಡಿ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಂತ ಬೀದಿಯವರು ತೀರ್ಮಾನಿಸಿದರು. ಹಿರಿಯರಿಬ್ಬರು ರಾಜಿ ಮಾಡಿಸಲು ಬಂದೂಬಿಟ್ಟರು. ಅತ್ತೆ ಕಾಫಿ ಕೊಟ್ಟು ಹೇಳಿದರಂತೆ: "ಜಗಳ ಆಡಬೇಕು ಅಂದ್ರೆ ಮೊದಲು ಅವರು ಹತ್ರ ಬರಬೇಕಲ್ಲ? ಬಚ್ಚಲಿಗೆ ಹೋಗೋಗಂಟ ಬಾಗಲ ಹೊರಗೇ ನಿಂತಿರ್ತಾರೆ!"

ದಿನಾ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಇದನ್ನೆಲ್ಲ ನೋಡಿ ಕೊನೆಗೂ ಸೋಲೊಪ್ಪಿಕೊಂಡರು. "ನಾನು ಮಡಿ ಉಟ್ಟರೆ ಮಿಕ್ಕೋರೆಲ್ಲ ಮೈಲಿಗೆ. ಇವನು ತಾನೇ ಮೈಲಿಗೆ, ಮಿಕ್ಕೋರೆಲ್ಲ ಮಡಿ ಅಂತಾನೆ. ಇದ್ಯಾವ ಸೀಮೆ ಮಡಿ ಕಣಪ್ಪ!"

ನಾನು ಸುಮ್ಮನಿರುವವಳೇ? ವಾರ್ಡಿಗೆ ಸೇರಿದ ಹೊಸತರಲ್ಲಿ ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದೆ.

"ಎರಡು ಕೈಗವಸು ಯಾಕೆ ಮಾವ? ಒಂದು ಸಾಲದಾ?"

"ಕಾಯಿಗೆ ಸಿಪ್ಪೆನೂ ಐತೆ, ಕರಟಾನೂ ಐತೆ. ಒಂದು ಸಾಕು ಅಂತ ಅದಕ್ಕೆ ಯಾಕೆ ಅನ್ನಿಸ್ಲಿಲ್ಲ?"

"ಉಪಮೆ ಬೇರೆ, ಪುರಾವೆ ಬೇರೆ."

"ಪುರಾವೆ ಬರೋಗಂಟ ಉಪಮೆನೇ ಹಾಕ್ಕೊಂಡಿರು. ತಗೋ, ಇನ್ನೊಂದು ಜೊತೆ."

ಪುರಾವೆಯೂ ಇತ್ತು ಅನ್ನಿ, ಓದಿದ ಮೇಲೆ ಸಿಕ್ಕಿತು. ಕೈಗವಸಿನ ವಾದ ಅಲ್ಲಿಗೆ ಮುಗಿಯಿತು. ಇನ್ನೊಂದು ವಾದ ಮಾತ್ರ ಮುಗಿಯಲಿಲ್ಲ. ಮಾವ ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದರು. ಆಗ ಇದನ್ನೆಲ್ಲ ಹೇಳಿಕೊಡುವವರಿರಲಿಲ್ಲ, ಬರಿಗೈಯಲ್ಲಿ ಬೆರೆಸುತ್ತಿದ್ದರಂತೆ. ಮಾವ ಅತ್ತೆಗೆ ಮಕ್ಕಳಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತೀರಾ?" ಅಂತ ಒಮ್ಮೆ ನೇರವಾಗಿಯೇ ಕೇಳಿದೆ.

"ಐತೆ ಅನ್ನೋಕೆ ನನ್ ಹತ್ರ ಪುರಾವೆ ಇಲ್ಲ ಕಣಮ್ಮ. ಇಲ್ಲ ಅನ್ನೋಕೆ ನಿನ್ ಹತ್ರ ಐತಾ?"

ಸಾಬೀತಿನ ಹೊರೆಯನ್ನು ಎದುರಾಳಿಯ ತಲೆಗೆ ದಾಟಿಸುವುದು ಚರ್ಚೆಯಲ್ಲಿ ಹಳೇ ಪಟ್ಟು. ಅದಕ್ಕೆ ಪ್ರತಿಪಟ್ಟೂ ನನಗೆ ಗೊತ್ತು. ಅಷ್ಟರಲ್ಲಿ ಯಾರದೋ ಡ್ರಿಪ್ಪು ಮುಗಿದಿತ್ತು, ಹೋದೆ.

ಇನ್ನು ಕಾಯಿಯ ವಿಚಾರ. ನಮ್ಮ ಕಡೆ ಬಸುರಿಯಾದವಳು ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡುವುದಿಲ್ಲ. ಬಿಟ್ಟರೆ ದೃಷ್ಟಿ ತಾಗುತ್ತದೆ. ಗಂಡ, ಅತ್ತೆ, ತಾಯಿ, ಅಷ್ಟೇ ಜನಕ್ಕೆ ಗುಟ್ಟು. ಈ ಔಷಧಗಳೋ, ಹೊಟ್ಟೆಯ ಕೂಸಿಗೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಆ ಮೊದಲ ತಿಂಗಳುಗಳಲ್ಲೇ! ನೋಡಿ, ಎಂಥ ಹೊಂದಾಣಿಕೆ. ಯಾವಾಗ ಹೇಳಲೇಬೇಕೋ ಆವಾಗ ಹೇಳಬಾರದು, ಹೇಳಬಹುದಾದಾಗ ಹೇಳಿ ಪ್ರಯೋಜನವಿಲ್ಲ. ಗುಟ್ಟು ಕಾಪಾಡಿಕೊಂಡು ಬೆರೆಸುವ ಮೇಜಿನ ಮುಂದೆ ನಿಂತವರು ನಮ್ಮ ವಾರ್ಡಿನಲ್ಲೇ ಇದ್ದರು.

ಇದಕ್ಕೆ ಮಾವ ಮೊದಲು ಕಂಡುಕೊಂಡ ಪರಿಹಾರ ಏನು ಗೊತ್ತೇ? ಗುರುವಾರ ಬೆಳಗ್ಗೆ ವಾರ್ಡಿನ ನಡುವೆ ನಿಂತು ಎಲ್ಲ ನರ್ಸ್‌ಗಳನ್ನೂ ಗಟ್ಟಿಯಾಗಿ ಕೇಳುವುದು: "ಏನ್ರಮ್ಮ, ಯಾರಿಗಾದ್ರೂ ವಿಶೇಷ ಐತಾ?" ಮದುವೆಯಾದವರನ್ನೂ, ಆಗದವರನ್ನೂ! ಸಂಪಿಗೆ ಎಂಬ ಹಳ್ಳಿಯಿಂದ ಒಬ್ಬ ನರ್ಸಿನ ಅತ್ತೆ ಬಸ್ಸು ಹತ್ತಿ ಬಂದೇಬಿಟ್ಟರು.

"ನಮ್ ಸೊಸೆ ವಿಶೇಷ ಕೇಳೋಕೆ ನೀನ್ ಯಾರಯ್ಯ?"

"ಬ್ರದರ್ ಕಣಮ್ಮ."

ಆಯಮ್ಮನನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸುವಷ್ಟರಲ್ಲಿ ನನ್ನ ಪ್ರಾಣ ಅರ್ಧ ಹೋಯಿತು. ಆಮೇಲೆ ಬಂತು ಕಾಯಿಯ ಕಾನೂನು. "ಯಾರೂ ಬಾಯಿ ಬುಡೋದು ಬ್ಯಾಡ. ಬೆರೆಸೋದು ಬ್ಯಾಡ ಅನ್ನಿಸ್ದೋರು ನನ್ ಕುರ್ಚಿ ಮೇಲೆ ಒಂದು ಕಾಯಿ ಇಟ್ಟು ಹೋಗಿ. ಯಾರು ಇಟ್ಟಿದ್ದು ಅಂತ ನಾನು ಕೇಳಲ್ಲ, ಇನ್ನೊಬ್ರೂ ಕೇಳಕೂಡದು. ಅವತ್ತಿಂದ ಎಲ್ರ ಪಾಳಿನೂ ನನ್ದೇ." ಮೂರು ತಿಂಗಳು ತುಂಬಿ ಅವಳೇ ಬಾಯಿ ಬಿಟ್ಟು ಬೇರೆ ವಾರ್ಡಿಗೆ ಹೋದ ಮೇಲೆ ಮತ್ತೆ ಪಾಳಿ ಶುರು. ಕಾಯಿಯೇ ಯಾಕೆ? ಈ ಊರಿನಲ್ಲಿ ಯಾರ ಚೀಲದಲ್ಲಿ ಕಾಯಿ ಕಂಡರೂ ಯಾರೂ ತಿರುಗಿ ನೋಡುವುದಿಲ್ಲ, ಅದಕ್ಕೇ.

ಆ ಕಾಯಿಯನ್ನೇ ಮಾವ ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ತರುವುದು. ತಂದು ಅತ್ತೆಗೆ ಚಟ್ನಿಗೂ ಕೊಡದೆ ಅಟ್ಟಕ್ಕೆ ಏರಿಸುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ಕಾಯೊಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದಲ್ಲ, ನಮ್ಮ ಸೀಮೆಯ ಬದುಕೇ ಅದು. ಆ ಕಡೆ ಮಗು ಹುಟ್ಟಿ ತೊಟ್ಟಿಲಿಗೆ ಬೀಳುವ ಹೊತ್ತಿಗೆ ಈ ಕಡೆ ಕೊಬ್ಬರಿ ಸಿದ್ಧ. ಬಾಣಂತಿಯ ಅಂಟಿನುಂಡೆಗೆ ಅಂತ ಮಾವ ಅದನ್ನು ಕಳಿಸಿಕೊಡುತ್ತಾರೆ. ಇದರಲ್ಲಿ ತರ್ಕ ಏನಿದೆ ಅಂತ ಹುಡುಕಬೇಡಿ. ನಾನು ಹುಡುಕಿ ಸಾಕಾಗಿದ್ದೇನೆ.

ಒಂದು ಸಲ ಕುರ್ಚಿಯ ಮೇಲೆ ಕಾಯಿ ಬಂತು. ಮಾವ ಎಲ್ಲರ ಪಾಳಿಯನ್ನೂ ಹೊತ್ತರು. ಮೂರು ತಿಂಗಳಾಯಿತು, ಯಾರೂ ಬಾಯಿ ಬಿಡಲಿಲ್ಲ. ಐದಾಯಿತು, ಯಾರ ಹೊಟ್ಟೆಯೂ ಕಾಣಲಿಲ್ಲ. ಕಾನೂನು ಮಾಡಿದವರೇ ಮುರಿಯುವಂತಿಲ್ಲವಲ್ಲ, ಮಾವ ಕೇಳುವ ಹಾಗೂ ಇಲ್ಲ! ಎಲ್ಲರ ಮುಖವನ್ನೂ ಪಿಳಿಪಿಳಿ ನೋಡುತ್ತಾ ಬೆರೆಸಿದ್ದೇ ಬೆರೆಸಿದ್ದು. ಕೊನೆಗೊಂದು ಗುರುವಾರ ಹುಳಿಯಾರು ಕಡೆಯ ರೋಗಿಯೊಬ್ಬರ ಯಜಮಾನರು ಹೆಂಡತಿಯನ್ನು ತಪಾಸಣೆಗೆ ಕರೆತಂದವರು ಕೇಳಿದರು: "ಅವತ್ತು ನಿಮ್ ಕುರ್ಚಿ ಮೇಲೆ ನಮ್ ತೋಟದ್ ಕಾಯಿ ಒಂದು ಇಟ್ಟಿದ್ದೆ ಬ್ರದರ್. ಚೆನ್ನಾಗಿತ್ತಾ?"

ನಾವೆಲ್ಲ ನಗುವುದಕ್ಕೆ ಔಷಧದ ಉಗ್ರಾಣಕ್ಕೆ ಓಡಿದೆವು. ನಕ್ಕು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಅಷ್ಟು ತಿಂಗಳು ಈ ಮನುಷ್ಯ ಸುಮ್ಮಸುಮ್ಮನೆ ಎಲ್ಲರ ವಿಷವನ್ನೂ ಕುಡಿದ ಹಾಗಾಯಿತಲ್ಲ! ಅವತ್ತು ಅಧ್ಯಕ್ಷರಿಲ್ಲದೆ, ಗಂಟೆಯಿಲ್ಲದೆ, ನನ್ನ ಜೀವಮಾನದ ಅತ್ಯುತ್ತಮ ಭಾಷಣ ಮಾಡಿದೆ.

"ಮಾವ, ನಿಮ್ಮ ಕಾಯಿ ಕಾನೂನು ರಕ್ಷಣೆ ಅಲ್ಲ, ಬರೀ ವರ್ಗಾವಣೆ. ಅವಳ ಪಾಲಿನ ವಿಷ ನಿಮ್ಮ ಪಾಲಿಗೆ ಬಂತು. ವಿಷ ಎಲ್ಲಿ ಕಡಿಮೆ ಆಯ್ತು? ನೀವು ಬೆರೆಸಿದರೂ ಅದೇ ಕೋಣೆ, ಅದೇ ಗಾಳಿ, ಅದೇ ಬಾಗಿಲ ಹಿಡಿಕೆ. ಗಾಳಿಯನ್ನ ಒಳಕ್ಕೆ ಎಳೆದು ಸೋಸೋ ಗಾಜಿನ ಪೆಟ್ಟಿಗೆ ಬರುತ್ತೆ, ಅದರೊಳಗೆ ಕೈಯಿಟ್ಟು ಬೆರೆಸಬೇಕು. ಅದನ್ನ ಕೇಳೋದು ಬಿಟ್ಟು ನೀವು ತ್ಯಾಗ ಮಾಡ್ತಾ ಕೂತಿದ್ರೆ ಡಾಕ್ಟರು ಯಾಕೆ ತರಿಸ್ತಾರೆ? ನಿಮ್ಮ ತ್ಯಾಗವೇ ಆ ಪೆಟ್ಟಿಗೆಗೆ ಅಡ್ಡ!"

ಮಾವ ಕೈ ತೊಳೆಯುತ್ತಾ ಕೇಳಿಸಿಕೊಂಡರು. "ತಟ್ಟೆ ಕೊಡಬೇಕಾ, ಲೋಟ ಸಾಕಾ?"

ಇಂಥವರ ಜೊತೆ ಏನು ವಾದ ಮಾಡುತ್ತೀರಿ? ನಾನೇ ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಹೋದೆ. "ಕೈಗವಸು ಇದೆ, ಮಾಸ್ಕು ಇದೆ. ಪೆಟ್ಟಿಗೆ ವಿಚಾರ ನೋಡೋಣಮ್ಮ" ಅಂದರು. ಆಮೇಲೆ ಹೋದಾಗಲೆಲ್ಲ ನೋಡೋಣಮ್ಮ. ಕೆಟ್ಟವರೇನಲ್ಲ, ಬಡ ರೋಗಿಗಳನ್ನು ಅವರು ವಾಪಸು ಕಳಿಸಿದ್ದನ್ನು ನಾನು ಕಂಡಿಲ್ಲ. ಆದರೆ ಬೆರೆಸುವ ಕೋಣೆಯ ಬಾಗಿಲು ದಾಟಿ ಒಳಗೆ ಬಂದದ್ದನ್ನೂ ಕಂಡಿಲ್ಲ. ಆ ಕೋಣೆ ಹಿಂದೆ ಹಾಸಿಗೆ ಪೇರಿಸುತ್ತಿದ್ದ ಉಗ್ರಾಣ. ಹನಿ ಹಾರಬಾರದು ಅಂತ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಬೇಸಿಗೆಯಲ್ಲಿ ಮಾವ ಒಳಗೆ ನಿಂತರೆ, ಹೊರಗೆ ಬರುವಾಗ ಕೆರೆಯಲ್ಲಿ ಮುಳುಗಿ ಎದ್ದವರ ಹಾಗಿರುತ್ತಾರೆ.

ಹೀಗಿರುವಾಗ ನನಗೆ ಈ ಸುಸ್ತು ಶುರುವಾಯಿತು.

ಗಂಡನಿಗೆ ಹೇಳಿದ ಮೇಲೆ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಮೊದಲು ಅತ್ತರು, ಆಮೇಲೆ ನಕ್ಕರು, ಆಮೇಲೆ ದನಿ ತಗ್ಗಿಸಿದರು. "ಮೂರು ತಿಂಗಳು ತುಂಬೋಗಂಟ ಯಾರ ಹತ್ರಾನೂ ಆಡಬ್ಯಾಡ ಕಣೇ. ನಿಮ್ ಮಾವನ ಹತ್ರಾನೂ." ದೃಷ್ಟಿ ಎಂಬುದು ಶುದ್ಧ ಮೂಢನಂಬಿಕೆ ಅಂತ ವಾದಿಸಿ ತಟ್ಟೆ ಗೆದ್ದವಳು ನಾನು. ಆ ತಟ್ಟೆಯಲ್ಲೇ ಅಮ್ಮ ಇವತ್ತಿಗೂ ಅಕ್ಕಿ ಆರಿಸುತ್ತಾರೆ. ನಾಳೆಯೇ ಮಾವನಿಗೆ ಹೇಳಿಬಿಡುವುದು, ಅದರಲ್ಲೇನಿದೆ ಅಂದುಕೊಂಡೆ. ವಾರ್ಡಿಗೆ ಹೋದರೆ ಬಾಯಿಯೇ ಬರಲಿಲ್ಲ. ಯಾವ ವೇದಿಕೆಯ ಮೇಲೂ ಕೈಕೊಡದ ಬಾಯಿ! ನಂಬಿಕೆ ಇಲ್ಲ ಅನ್ನುವುದು ನನ್ನೊಬ್ಬಳ ವಿಷಯವಾಗಿದ್ದಾಗ ಸುಲಭವಿತ್ತು. ಈಗ ಪಣಕ್ಕಿಟ್ಟದ್ದು ನನ್ನದೊಂದೇ ಅಲ್ಲವಲ್ಲ.

ಬುಧವಾರ ಸಂಜೆ, ಅಮ್ಮ ಹೊನ್ನವಳ್ಳಿಯಿಂದ ಕಳಿಸಿದ್ದ ಮೂಟೆಯಿಂದ ಒಂದು ಕಾಯಿ ತೆಗೆದು, ಬಟ್ಟೆಯ ಚೀಲದಲ್ಲಿ ತಂದು, ಯಾರೂ ಇಲ್ಲದಾಗ ಮಾವನ ಕುರ್ಚಿಯ ಮೇಲೆ ಇಟ್ಟು ಬಂದೆ. ಯಾವ ಕಾನೂನನ್ನು ಅಷ್ಟು ಆಡಿಕೊಂಡಿದ್ದೆನೋ ಅದರ ಆಸರೆಗೇ.

ಗುರುವಾರ ಬೆಳಗ್ಗೆ ಮಾವ ಬಂದರು. ಕಾಯಿ ನೋಡಿದರು, ಎತ್ತಿ ಒಂದು ಸುತ್ತು ತಿರುಗಿಸಿದರು. ಅಮ್ಮನ ಪಾಲಿಗೆ ಬಂದ ತವರಿನ ತೋಟದಲ್ಲಿ ಬಾವಿಯ ಪಕ್ಕ ಮರ ಒಂದಿದೆ, ಅದರ ಕಾಯಿಗಳಿಗೆಲ್ಲ ಮೂತಿ ಒಂದು ಕಡೆಗೆ ಸೊಟ್ಟ. ಅವಸರದಲ್ಲಿ ನಾನು ನೋಡಿರಲಿಲ್ಲ. ಚಿಕ್ಕಂದಿನಿಂದ ಆ ಮರದ ಬುಡದಲ್ಲೇ ಬೆಳೆದವರು ನೋಡದೆ ಇರುತ್ತಾರೆಯೇ? ಆದರೂ ಮಾವ ನನ್ನ ಕಡೆ ತಿರುಗಲಿಲ್ಲ. ಕಾಯಿಯನ್ನು ತಮ್ಮ ಚೀಲಕ್ಕೆ ಇಳಿಸಿ, ಎರಡೆರಡು ಕೈಗವಸು ಏರಿಸಿ, ಬೆರೆಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತಿನ ರೋಗಿಗಳಿಗೆಲ್ಲ ಬೆರೆಸಿ ಕೊಟ್ಟು, ಹೊರಬಂದು, ಸ್ನಾನ ಮಾಡಿ ಬಟ್ಟೆ ಬದಲಿಸಿ, ಆಸ್ಪತ್ರೆಯ ಎದುರಿನ ಪೂಜೆ ಸಾಮಾನಿನ ಅಂಗಡಿಗೆ ಹೋಗಿ ಜುಟ್ಟಿನ ಕಾಯಿ ಒಂದನ್ನು ಕೊಂಡರು. ಕೊಂಡರು! ತೋಟದವರು! ಅಂಗಡಿಯವನು ಎರಡೆರಡು ಸಲ ಕೇಳಿದನಂತೆ, "ನಿಮಗೇನಾ ಬ್ರದರ್?" ಅಂತ.

ಆ ಕಾಯಿಯನ್ನು ಅವರು ಒಯ್ದು ಇಟ್ಟದ್ದು ದೊಡ್ಡ ಡಾಕ್ಟರ ಕುರ್ಚಿಯ ಮೇಲೆ. ನಾನು ರೋಗಿಯೊಬ್ಬರ ಕಾಗದಕ್ಕೆ ಸಹಿ ಹಾಕಿಸಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಊಟ ಮುಗಿಸಿ ಬಂದ ಡಾಕ್ಟರು ಕಾಯಿ ನೋಡಿದರು, ಮಾವನನ್ನು ನೋಡಿದರು. ಕಾಯಿಯ ಕಾನೂನು ಅವರಿಗೂ ಗೊತ್ತಿತ್ತು.

"ಏನ್ರೀ ಬ್ರದರ್, ಈಗ ನೀವೂ ಬಸುರೀನಾ?"

"ಇಲ್ಲ ಸಾರ್. ತಾತ ಆಗೋನಿದೀನಿ."

"ನಿಮಗೆ ಮಕ್ಕಳೇ ಇಲ್ಲವಲ್ರೀ!"

"ಯಾರು ಏನು ಅಂತ ಕಾಯಿ ವಿಚಾರದಲ್ಲಿ ಕೇಳೋ ಪದ್ಧತಿ ಇಲ್ಲ ಸಾರ್. ನಾಳೆಯಿಂದ ನಾನು ಬೆರೆಸಲ್ಲ. ನಾನು ಬೆರೆಸಿದ್ರೂ ಅದೇ ಕೋಣೆ, ಅದೇ ಗಾಳಿ, ಅದೇ ಬಾಗಿಲ ಹಿಡಿಕೆ. ಇದು ರಕ್ಷಣೆ ಅಲ್ಲ ಸಾರ್, ಬರೀ ವರ್ಗಾವಣೆ. ಪೆಟ್ಟಿಗೆ ತರಿಸಿ. ಬರೋಗಂಟ ನಮ್ ರೋಗಿಗಳಿಗೆ ತುಮಕೂರಲ್ಲೇ ಹಾಕಿಸೋಣ. ಒಬ್ರನ್ನೂ ಬುಡದಂಗೆ ನಾನೇ ಕರ್ಕೊಂಡು ಹೋಗಿ ಕರ್ಕೊಂಡು ಬತ್ತೀನಿ."

ನನ್ನ ವಾಕ್ಯ! ಅಕ್ಷರ ಬಿಡದೆ, ಹೆಸರೂ ಹೇಳದೆ! ಸ್ಪರ್ಧೆಯಲ್ಲಾಗಿದ್ದರೆ ಆಕ್ಷೇಪ ಎತ್ತುತ್ತಿದ್ದೆ. ಡಾಕ್ಟರು ನೋಡೋಣ ಅನ್ನಲು ಬಾಯಿ ತೆರೆದರು. ಕೂರಲು ಹೋದರು. ಕುರ್ಚಿಯ ಮೇಲೆ ಕಾಯಿ ಇತ್ತು. ನಿಂತೇ ಫೋನು ಎತ್ತಿಕೊಂಡರು.

ಹೊರಗೆ ಬಂದ ಮಾವ ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, "ಏನಮ್ಮ ಚರ್ಚಾಸ್ಪರ್ಧೆ, ಇವತ್ತು ಮಾತೇ ಇಲ್ಲ?" ಅಂದರು. ಸಹಿ ಹಾಕಿಸಬೇಕಿದ್ದ ಕಾಗದ ಹಿಡಿದುಕೊಂಡು ನಾನು ಡಾಕ್ಟರ ಕೋಣೆಯೊಳಗೆ ಹೋದೆ.

ಪೆಟ್ಟಿಗೆ ಇನ್ನೂ ಬಂದಿಲ್ಲ. ಆರ್ಡರ್ ಹೋಗಿದೆ, ಅದನ್ನು ಕೂರಿಸಲು ಕೋಣೆಯ ಗೋಡೆ ಒಡೆದಿದ್ದಾರೆ. ಗುರುವಾರ ಗುರುವಾರ ಆಸ್ಪತ್ರೆಯ ವ್ಯಾನು ರೋಗಿಗಳನ್ನು ತುಂಬಿಕೊಂಡು ತುಮಕೂರಿಗೆ ಹೊರಡುತ್ತದೆ. ಮುಂದೆ ಡ್ರೈವರ್ ಪಕ್ಕದಲ್ಲಿ ಮಾವ, ತೊಡೆಯ ಮೇಲೆ ಚೆಲ್ಲಿದ್ದು ಒರೆಸುವ ಡಬ್ಬಿ.

ಮೊನ್ನೆ ಅತ್ತೆ ಊಟಕ್ಕೆ ಕರೆದರು. "ನಿಮ್ ಮಾವ ಹೋದ್ ಸಲ ಕಾಯಿ ತಂದು ಅಟ್ಟ ಹತ್ತಿದೋರು ಇಳಿಯೋಕೇ ಒಲ್ಲರು ಕಣೇ. ಇಲ್ಲಿ ಬ್ಯಾಡ ಗಾಳಿ ಸಾಲದು, ಅಲ್ಲಿ ಬ್ಯಾಡ ಇಲಿ ಬತ್ತದೆ ಅಂತ" ಅಂದು ನಕ್ಕರು. ನಾನೂ ತಲೆಯೆತ್ತಿ ನೋಡಿದೆ. ಗಾಳಿಯಾಡಲಿ ಅಂತ ಅಟ್ಟಕ್ಕೆ ಸಂದು ಬಿಟ್ಟು ಹಲಗೆ ಹಾಕಿರುತ್ತಾರಲ್ಲ, ಕೆಳಗಿನಿಂದಲೇ ಎಲ್ಲ ಕಾಣುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ ನನ್ನ ಸೊಟ್ಟ ಮೂತಿಯ ಕಾಯಿ ಕೂತಿತ್ತು.

ಅದರ ಪಕ್ಕದಲ್ಲಿ ಇನ್ನೊಂದು ಕಾಯಿ. ಹೊಗೆ ಹಿಡಿದು ಕಪ್ಪಾಗಿ, ಸಿಪ್ಪೆ ನಾರುನಾರಾಗಿ, ಯಾವ ಬಾಣಂತಿಗೂ ಹೋಗದೆ ಹಾಗೇ ಉಳಿದದ್ದು. ವಾರ್ಡಿನಲ್ಲಿ ಕಾಯಿಯ ಕಾನೂನು ಬರುವುದಕ್ಕಿಂತ ಎಷ್ಟೋ ವರ್ಷ ಹಿಂದಿನದು, ಮಾವ ಬೆಂಗಳೂರಿನಲ್ಲಿದ್ದ ಕಾಲ ಇರಬೇಕು ಅನ್ನಿಸುವಷ್ಟು ಹಳತು. ನಾನು ಅತ್ತೆಯ ಕಡೆ ತಿರುಗಿದೆ. ಅವರೂ ಅದನ್ನೇ ನೋಡುತ್ತಿದ್ದರು. ನಾನು ನೋಡಿದ್ದು ಕಂಡು, ಅನ್ನ ಆರುತ್ತೆ ಬಾ ಅಂತ ಒಳಗೆ ಹೋದರು.

ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಕಾಯಿ ಇಟ್ಟವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.